ಪಕ್ಷಕ್ಕೆ ಹಾಕುವುದೋ, ಯೋಚಿಸಿ ಹಾಕುವುದೋ: ಮತದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮತದಾರರ ಸಭೆಗಳಲ್ಲಿ, ಪತ್ರಗಳಲ್ಲಿ, ಚುನಾವಣೆ ಹತ್ತಿರವಾದಾಗಿನ ಮಾತುಕತೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಉತ್ತರಗಳನ್ನು ಬರೆದಿರುವುದು ಕರ್ನಾಟಕದ ಮತದಾರರನ್ನು ಮನಸ್ಸಿನಲ್ಲಿಟ್ಟುಕೊಂಡು. ಯಾವ ಪಕ್ಷಕ್ಕೆ ಹಾಕಬೇಕೆಂದು ನಾವು ಹೇಳುವುದಿಲ್ಲ. ಪಕ್ಷವನ್ನು ಎಲ್ಲಿ, ಎಷ್ಟು ತೂಗಬೇಕು ಎಂಬುದರ ಬಗ್ಗೆ ನಮಗೆ ಖಚಿತ ಅಭಿಪ್ರಾಯವಿದೆ, ಅದನ್ನು ಮುಚ್ಚಿಟ್ಟಿಲ್ಲ.

## ಮೊದಲು ಕೇಳುವವು

ನಮ್ಮ ತಾತನ ಕಾಲದಿಂದ ಮನೆಯವರೆಲ್ಲ ಒಂದೇ ಪಕ್ಷಕ್ಕೆ ಹಾಕ್ತಾ ಬಂದಿದ್ದೀವಿ. ಈಗ ನಾನು ಬೇರೆಯವರಿಗೆ ಹಾಕಿದ್ರೆ ಮನೆಗೆ ದ್ರೋಹ ಮಾಡಿದ ಹಾಗಲ್ವಾ?

ಅಲ್ಲ. ಮತ ಹದಿನೆಂಟು ತುಂಬಿದ ಒಬ್ಬೊಬ್ಬರದೂ ಬೇರೆ ಬೇರೆ, ಮನೆಗೆಲ್ಲ ಸೇರಿ ಒಂದಲ್ಲ. ಹಾಗೆಂದು ತಾತನ ನಿಷ್ಠೆಯನ್ನು ಹಳೇ ಕಾಲದ ಹಟ ಎಂದು ತಳ್ಳಿಹಾಕುವುದೂ ಸರಿಯಲ್ಲ. ಅದಕ್ಕೆ ಕಾರಣವಿತ್ತೇ ಎಂದು ಮೊದಲು ವಿಚಾರಿಸಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರ ಭೂಸುಧಾರಣಾ ತಿದ್ದುಪಡಿ ಬಂದ ಮೇಲೆ, ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಗೇಣಿ ಜಮೀನಿಗೆ ಒಡೆಯರಾದ ಕುಟುಂಬಗಳು ಆ ಋಣವನ್ನು ಮತದಲ್ಲಿ ತೀರಿಸಿದವು. ಅವರು ಕಣ್ಣು ಮುಚ್ಚಿಕೊಂಡು ಹಾಕಿದ್ದಲ್ಲ, ಕಂಡದ್ದನ್ನು ಲೆಕ್ಕ ಹಾಕಿಯೇ ಹಾಕಿದ್ದು.

ಇನ್ನೊಂದು ವಿಚಾರ: ತಾತ ಮೆಚ್ಚಿದ ಆ ಪಕ್ಷ ಈಗ ಎಲ್ಲಿದೆ? ಕಾಂಗ್ರೆಸ್ 1969ರಲ್ಲಿ ಒಡೆಯಿತು, 1978ರ ಹೊತ್ತಿಗೆ ಮತ್ತೊಮ್ಮೆ ಒಡೆಯಿತು. ಗುರುತು ಜೋಡೆತ್ತಿನಿಂದ ಹಸು-ಕರುವಿಗೆ, ಅಲ್ಲಿಂದ ಕೈಗೆ ಬಂತು. ಭೂಮಿ ಕೊಡಿಸಿದ ಅರಸು ಅವರೇ 1979ರಲ್ಲಿ ಇಂದಿರಾ ಗಾಂಧಿಯವರ ಪಕ್ಷದಿಂದ ಹೊರಗಾದರು. ಜನಸಂಘದ ದೀಪ 1977ರಲ್ಲಿ ಜನತಾ ಪಕ್ಷದೊಳಗೆ ಸೇರಿಹೋಗಿ, 1980ರಲ್ಲಿ ಕಮಲವಾಗಿ ಹೊರಬಂತು. ಜನತಾ ಪರಿವಾರದವರು ಈಗ ಮೂರೂ ಪಕ್ಷಗಳಲ್ಲಿದ್ದಾರೆ: ಎಸ್.ಆರ್. ಬೊಮ್ಮಾಯಿ ಜನತಾ ಪರಿವಾರದ ಮುಖ್ಯಮಂತ್ರಿ, ಮಗ ಬಸವರಾಜ ಬೊಮ್ಮಾಯಿ 2021ರಲ್ಲಿ ಬಿಜೆಪಿಯ ಮುಖ್ಯಮಂತ್ರಿ. ಜೆಡಿಎಸ್‌ನಿಂದ ಉಪಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ 2013ರಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿ. ತಾತ ನಂಬಿದ್ದು ಗುರುತನ್ನೋ, ನಾಯಕರನ್ನೋ, ಅವರು ಮಾಡಿದ ಕೆಲಸವನ್ನೋ? ಮನೆಯ ಹಿರಿಯರು ಇನ್ನೂ ಇದ್ದರೆ ಅವರನ್ನೇ ಕೂರಿಸಿಕೊಂಡು ಕೇಳಿ. ಎಷ್ಟೋ ಮನೆಗಳಲ್ಲಿ ಅವರೇ ಎರಡು-ಮೂರು ಸಲ ಗುರುತು ಬದಲಾಯಿಸಿದ್ದು ಆಗ ಗೊತ್ತಾಗುತ್ತದೆ.

ಪಕ್ಷ ನೋಡಿ ಹಾಕಬೇಕೋ, ವ್ಯಕ್ತಿ ನೋಡಿ ಹಾಕಬೇಕೋ? ಒಂದೇ ಮಾತಲ್ಲಿ ಹೇಳಿ.

ಯಾವ ಚುನಾವಣೆ ಎಂಬುದನ್ನು ನೋಡಿ ಹಾಕಿ.

ಲೋಕಸಭೆ, ವಿಧಾನಸಭೆಗಳಲ್ಲಿ ಪಕ್ಷದ ತೂಕವೇ ಹೆಚ್ಚು. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ, ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ ಇದಕ್ಕೆ ಕಾರಣ. ಪಕ್ಷ ವಿಪ್ (ಸದನದಲ್ಲಿ ಹೀಗೇ ಮತ ಹಾಕಬೇಕೆಂಬ ಆದೇಶ) ಕೊಟ್ಟ ಮೇಲೆ ಸದಸ್ಯ ಅದಕ್ಕೆ ವಿರುದ್ಧವಾಗಿ ಮತ ಹಾಕಿದರೆ, ಅಥವಾ ಮತ ಹಾಕದೆ ದೂರ ಉಳಿದರೆ, 15 ದಿನದೊಳಗೆ ಪಕ್ಷವೇ ಮನ್ನಿಸದ ಹೊರತು ಸ್ಥಾನ ಹೋಗುತ್ತದೆ. ಅಂದರೆ ನೀವು ಎಷ್ಟೇ ಸ್ವತಂತ್ರವಾಗಿ ಯೋಚಿಸಿ ಒಬ್ಬ ಸಜ್ಜನರನ್ನು ಆರಿಸಿ ಕಳಿಸಿದರೂ, ಮಸೂದೆ, ಬಜೆಟ್, ವಿಶ್ವಾಸಮತದ ದಿನ ಅವರ ಕೈ ಮೇಲೇಳುವುದು ಪಕ್ಷ ಹೇಳಿದಂತೆ. ಸರ್ಕಾರ ಯಾರದಾಗಬೇಕು, ಯಾವ ನೀತಿ ಬರಬೇಕು ಎಂಬುದು ನಿಮಗೆ ಮುಖ್ಯವಾಗಿದ್ದರೆ ಪಕ್ಷ ನೋಡಿ ಹಾಕುವುದು ಯೋಚಿಸಿಯೇ ಹಾಕಿದ ಮತ. ಅದನ್ನು ಕುರುಡು ನಿಷ್ಠೆ ಎಂದು ಹಂಗಿಸುವವರಿಗೆ ಈ ಅನುಸೂಚಿ ಗೊತ್ತಿರುವುದಿಲ್ಲ.

ನಗರಸಭೆ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಲ್ಲೂ ಪಕ್ಷದ ಗುರುತು ಇದೆ, ಅಲ್ಲಿಗೆ ಅನ್ವಯವಾಗುವ ಪಕ್ಷಾಂತರ ನಿಷೇಧ ಕಾಯ್ದೆಯೂ 1987ರಿಂದ ರಾಜ್ಯದಲ್ಲಿದೆ. ಆದರೆ ಅಲ್ಲಿನ ದಿನನಿತ್ಯದ ಕೆಲಸ ನೀರು, ಕಸ, ಚರಂಡಿ, ಬೀದಿದೀಪ. ಫೋನ್ ಎತ್ತುವ, ಕಚೇರಿ ಅಲೆಯುವ ಮನುಷ್ಯ ಬೇಕು. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ವ್ಯಕ್ತಿಗೆ ಹೆಚ್ಚು ತೂಕ. ಗ್ರಾಮ ಪಂಚಾಯಿತಿಗೆ ಬಂದರೆ ವ್ಯಕ್ತಿಯೇ ಎಲ್ಲ.

ಗ್ರಾಮ ಪಂಚಾಯಿತೀಲಿ ಪಾರ್ಟಿ ಇಲ್ಲ ಅಂತೀರಿ. ಆದ್ರೆ ಯಾರು ಯಾವ ಪಾರ್ಟಿ ಅಂತ ಇಡೀ ಊರಿಗೇ ಗೊತ್ತಲ್ಲ?

ಗೊತ್ತಿರುತ್ತದೆ, ಬೆಂಬಲಿತ ಅಭ್ಯರ್ಥಿ ಎಂದು ಪತ್ರಿಕೆಗಳೂ ಬರೆಯುತ್ತವೆ. ಆದರೂ ಕರ್ನಾಟಕದಲ್ಲಿ ಈ ಚುನಾವಣೆ ಕಾನೂನಿನ ಪ್ರಕಾರ ಪಕ್ಷರಹಿತ. ಪಕ್ಷದ ಗುರುತು ಯಾರಿಗೂ ಸಿಗುವುದಿಲ್ಲ, ಗೆದ್ದವರಿಗೆ ವಿಪ್ ಇಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು ಎಂಬ ಲೆಕ್ಕವಿರುವುದರಿಂದ ಅಭ್ಯರ್ಥಿ ನಿಮಗೆ ಮುಖಪರಿಚಯದವರೇ ಆಗಿರುತ್ತಾರೆ.

ಹಾಗಿರುವಾಗ ವಿಧಾನಸಭೆಯ ಜಗಳವನ್ನು ಇಲ್ಲಿಗೆ ಎಳೆದು ತರುವುದರಿಂದ ಊರಿಗೆ ನಷ್ಟ. ನೋಡಬೇಕಾದ್ದು ಇಷ್ಟು: ಹಿಂದಿನ ಗ್ರಾಮಸಭೆಗಳಿಗೆ ಬಂದಿದ್ದರೇ? ಉದ್ಯೋಗ ಖಾತ್ರಿಯ ಕೂಲಿ ತಡವಾದಾಗ ಯಾರ ಪರ ನಿಂತರು? ಇ-ಸ್ವತ್ತಿಗೆ, ನಲ್ಲಿ ಸಂಪರ್ಕಕ್ಕೆ ಕಾಸು ಕೇಳಿದ ದೂರು ಅವರ ಮೇಲಿದೆಯೇ? ಒಂದಕ್ಕಿಂತ ಹೆಚ್ಚು ಸ್ಥಾನಗಳಿರುವ ವಾರ್ಡಿನಲ್ಲಿ ಒಂದೇ ಗುಂಪಿನ ಚೀಟಿ ಹಿಡಿದು ಎಲ್ಲರಿಗೂ ಒತ್ತಬೇಕಿಲ್ಲ. ಒಂದೊಂದು ಸ್ಥಾನಕ್ಕೂ ಬೇರೆ ಬೇರೆಯಾಗಿ ಯೋಚಿಸಬಹುದು.

ನಾನು ಯಾರಿಗೆ ಹಾಕಿದೆ ಅಂತ ಪಕ್ಷದೋರಿಗೆ ಗೊತ್ತಾಗುತ್ತಾ? ಯಜಮಾನರಿಗೆ ಗೊತ್ತಾದ್ರೆ ಮನೇಲಿ ರಂಪ.

ನಿಮ್ಮ ಮತ ಯಾರಿಗೂ ಗೊತ್ತಾಗುವುದಿಲ್ಲ. ಗುಂಡಿ ಒತ್ತಿದಾಗ ವಿವಿಪ್ಯಾಟ್ (ಮತ ಖಾತ್ರಿಯ ಚೀಟಿ ಮುದ್ರಿಸುವ ಯಂತ್ರ) ಕಿಟಕಿಯಲ್ಲಿ 7 ಸೆಕೆಂಡು ಕಾಣುವ ಚೀಟಿಯಲ್ಲಿ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಗುರುತು ಮಾತ್ರ ಇರುತ್ತದೆ. ನಿಮ್ಮ ಹೆಸರು ಎಲ್ಲೂ ಇರುವುದಿಲ್ಲ. ಚೀಟಿ ಕತ್ತರಿಸಿ ಪೆಟ್ಟಿಗೆಯೊಳಗೇ ಬೀಳುತ್ತದೆ. ಯಾರಿಗೆ ಹಾಕಿದಿರಿ ಎಂದು ಬಾಯಿ ಬಿಡಿಸಲು ನ್ಯಾಯಾಲಯಕ್ಕೂ ಅಧಿಕಾರವಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಕಲಮು ಆ ರಕ್ಷಣೆ ಕೊಡುತ್ತದೆ. ಮತ ಹಾಕುವಾಗ ಫೋಟೊ ತೆಗೆದು ತಂದು ತೋರಿಸು ಎಂದು ಯಾರಾದರೂ ಹೇಳಿದರೆ, ಮತಗಟ್ಟೆಯೊಳಗೆ ಮೊಬೈಲ್ ಬಿಡುವುದಿಲ್ಲ ಎಂಬ ಉತ್ತರ ಸಾಕು. ಅದು ನಿಜವೂ ಹೌದು.

ಗೊತ್ತಾಗುವುದು ಬೂತಿನ ಲೆಕ್ಕ. ಎಣಿಕೆಯಾದ ಮೇಲೆ ನಮೂನೆ 20ರಲ್ಲಿ ಬೂತ್‌ವಾರು ಮತ ಪ್ರಕಟವಾಗುತ್ತದೆ. 'ನಿಮ್ಮೂರಲ್ಲಿ ನಮಗೆ ಬಿದ್ದಿಲ್ಲ' ಎಂದು ಸೋತವರು ಬಂದು ಸಿಡುಕುವುದು ಈ ಹಾಳೆ ಹಿಡಿದು. ಹಲವು ಬೂತ್‌ಗಳ ಮತವನ್ನು ಒಟ್ಟಿಗೆ ಎಣಿಸುವ ಟೋಟಲೈಸರ್ ಯಂತ್ರವನ್ನು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತ್ತು, ಅದು ಜಾರಿಗೆ ಬಂದಿಲ್ಲ. ಬರಬೇಕಿತ್ತು, ಸಣ್ಣ ಹಾಡಿ, ತಾಂಡಾಗಳ ಮತದಾರರಿಗೆ ಅದರಿಂದ ನಿಜವಾದ ಧೈರ್ಯ ಬರುತ್ತಿತ್ತು.

ಮನೆಯವರ ವಿಷಯ: ಹೇಳಲೇಬೇಕೆಂಬ ಕಟ್ಟುಪಾಡಿಲ್ಲ. ಕಣ್ಣು ಕಾಣದವರಿಗೆ, ಗುಂಡಿ ಒತ್ತಲಾಗದವರಿಗೆ 18 ತುಂಬಿದ ಒಬ್ಬ ಸಹಾಯಕರನ್ನು ಕರೆದೊಯ್ಯಲು ಅವಕಾಶವಿದೆ, ಅವರೂ ಗುಟ್ಟು ಕಾಯುವೆನೆಂದು ಬರೆದುಕೊಡಬೇಕು. ಉಳಿದ ಯಾರೂ ನಿಮ್ಮ ಜೊತೆ ಮತಯಂತ್ರದ ಮರೆಯೊಳಗೆ ಬರುವಂತಿಲ್ಲ.

## ಅಭ್ಯರ್ಥಿಯನ್ನು ತೂಗುವುದು

ಅವರ ಕಡೆಯವರು ಹೊಗಳ್ತಾರೆ, ಇವರ ಕಡೆಯವರು ತೆಗಳ್ತಾರೆ. ಅಭ್ಯರ್ಥಿ ಬಗ್ಗೆ ನಾನೇ ಸ್ವಂತ ತಿಳ್ಕೊಳ್ಳೋದು ಹೇಗೆ?

ನಮೂನೆ 26ರ ಪ್ರಮಾಣಪತ್ರದಿಂದ ಶುರು ಮಾಡಿ. 2002ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ ಬಂದ ಈ ಅಫಿಡವಿಟ್ ಚುನಾವಣಾ ಆಯೋಗದ ಜಾಲತಾಣದಲ್ಲೂ 'ನೋ ಯುವರ್ ಕ್ಯಾಂಡಿಡೇಟ್' ಆ್ಯಪ್‌ನಲ್ಲೂ ಸಿಗುತ್ತದೆ, ಚುನಾವಣಾಧಿಕಾರಿಯ ಕಚೇರಿ ಫಲಕದಲ್ಲೂ ಹಾಕಿರುತ್ತಾರೆ. ನಾಮಪತ್ರ ವಾಪಸು ಪಡೆಯುವ ಕೊನೆಯ ದಿನದಿಂದ ಮತದಾನಕ್ಕೆ ಸಾಮಾನ್ಯವಾಗಿ ಎರಡು ವಾರ ಇರುತ್ತದೆ. ಗೆಲ್ಲುವ ಸಾಧ್ಯತೆಯಿರುವ ಮೂವರ ಅಫಿಡವಿಟ್ ಓದಲು ಒಂದು ಸಂಜೆ ಸಾಕು.

ಹೇಗೆ ಓದಬೇಕು? ಮೊದಲು ಬಾಕಿ ಮೊಕದ್ದಮೆಗಳ ಭಾಗ. ಸಂಖ್ಯೆಗಿಂತ ಸ್ವರೂಪ ಮುಖ್ಯ. ರಸ್ತೆ ತಡೆ, ನಿಷೇಧಾಜ್ಞೆ ಉಲ್ಲಂಘನೆಯಂಥ ಹೋರಾಟದ ಕೇಸು ಹತ್ತು ಇರುವವರಿಗೂ, ಕೊಲೆಯತ್ನ, ವಂಚನೆ, ಜಮೀನು ಕಬಳಿಕೆಯ ಒಂದೇ ಕೇಸು ಇರುವವರಿಗೂ ಅಜಗಜಾಂತರ. ನ್ಯಾಯಾಲಯ ದೋಷಾರೋಪ ಹೊರಿಸಿದೆಯೇ ಎಂಬ ಕಾಲಂ ನೋಡಿ. ಎಫ್‌ಐಆರ್ ಹಂತದಲ್ಲಿರುವ ಕೇಸಿಗಿಂತ ಅದಕ್ಕೆ ತೂಕ ಜಾಸ್ತಿ.

ನಂತರ ಆಸ್ತಿ. ಅದೇ ವ್ಯಕ್ತಿ ಹಿಂದಿನ ಸಲ ಕೊಟ್ಟ ಅಫಿಡವಿಟ್ ಪಕ್ಕದಲ್ಲಿಟ್ಟು ಹೋಲಿಸಿ. ಮೊತ್ತ ಏರಿದ್ದೇ ತಪ್ಪಲ್ಲ, ಹಳೆಯ ಜಮೀನಿನ ಮಾರುಕಟ್ಟೆ ಬೆಲೆ ಏರಿಯೂ ಮೊತ್ತ ಹಿಗ್ಗುತ್ತದೆ. ಹೊಸದಾಗಿ ಖರೀದಿಸಿದ್ದು ಎಷ್ಟು, ಐದು ವರ್ಷದ ಆದಾಯ ತೆರಿಗೆ ವಿವರದಲ್ಲಿ ತೋರಿಸಿದ ಆದಾಯಕ್ಕೆ ಅದು ಹೊಂದುತ್ತದೆಯೇ ಎಂದು ನೋಡಿ. ಪತ್ನಿ ಅಥವಾ ಪತಿ, ಅವಲಂಬಿತರ ಕಾಲಂಗಳನ್ನು ಬಿಡಬೇಡಿ. ಸರ್ಕಾರಕ್ಕೆ ಕೊಡಬೇಕಾದ ಬಾಕಿಯನ್ನೂ ನೋಡಿ.

ಇಲ್ಲಿ ಜನ ಎಡವುವುದು ಒಂದು ಕಡೆ: ಚುನಾವಣಾಧಿಕಾರಿ ಇದನ್ನೆಲ್ಲ ಪರಿಶೀಲಿಸಿ ಸರಿ ಎಂದಿದ್ದಾರೆ ಎಂದುಕೊಳ್ಳುತ್ತಾರೆ. ಹಾಗಿಲ್ಲ. ಕಾಲಂ ಖಾಲಿ ಬಿಟ್ಟಿದ್ದರೆ ತುಂಬಿಸಲು ಹೇಳಬಹುದು, ಬರೆದದ್ದು ನಿಜವೇ ಎಂದು ಅವರು ತನಿಖೆ ಮಾಡುವುದಿಲ್ಲ. ಸುಳ್ಳು ಬರೆದರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ ಆರು ತಿಂಗಳವರೆಗೆ ಶಿಕ್ಷೆಯಿದೆ, ಆದರೆ ಯಾರಾದರೂ ದೂರು ಕೊಟ್ಟು ಸಾಬೀತು ಮಾಡಬೇಕು.

ಕ್ರಿಮಿನಲ್ ಕೇಸು ಇರುವವರು ಪ್ರಚಾರದ ಅವಧಿಯಲ್ಲಿ ಮೂರು ಸಲ ಪತ್ರಿಕೆ, ಟಿವಿಗಳಲ್ಲಿ ಅದನ್ನು ಪ್ರಕಟಿಸಬೇಕು. ಅಂಥವರಿಗೇ ಟಿಕೆಟ್ ಏಕೆ ಎಂದು ಪಕ್ಷ ಕಾರಣ ಹೇಳಬೇಕು, ಗೆಲ್ಲುತ್ತಾರೆ ಎಂಬುದೊಂದೇ ಕಾರಣವಾಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಕ್ಷನಿಷ್ಠರು ತಪ್ಪದೆ ಓದಬೇಕಾದ್ದು ಈ ಕಾರಣವನ್ನೇ. ತಾವು ನಂಬಿದ ಪಕ್ಷ ತಮಗೆ ಎಷ್ಟು ಬೆಲೆ ಕೊಡುತ್ತದೆ ಎಂಬುದು ಆ ನಾಲ್ಕು ಸಾಲಿನಲ್ಲಿ ಗೊತ್ತಾಗುತ್ತದೆ.

ಈಗಿನ ಎಮ್ಮೆಲ್ಲೆ ಕೆಲಸ ಮಾಡಿದ್ದಾರಾ ಇಲ್ವಾ ಅಂತ ಅಳೆಯೋದು ಹೇಗೆ? ಎಲ್ಲಾ ರಸ್ತೆಗೂ ಅವರದೇ ಬೋರ್ಡು.

ಬೋರ್ಡು ಬಿಟ್ಟು ಹಣದ ಮೂಲ ನೋಡಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರದ್ದು 5 ಕೋಟಿ. ಅವರು ನೇರವಾಗಿ ಆರಿಸಿ ಮಾಡಿಸುವ ಕೆಲಸ ಅಷ್ಟರೊಳಗಿನದು. ಉಳಿದದ್ದು ಇಲಾಖೆಗಳ ಹಣ, ಅವರು ಬೆನ್ನು ಹತ್ತಿ ತಂದಿರಬಹುದು, ತಾನಾಗಿಯೇ ಬಂದಿರಲೂಬಹುದು. ನಿಧಿಯ ಕಾಮಗಾರಿ ಪಟ್ಟಿ ಬೇಕಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಉತ್ತರಕ್ಕೆ 30 ದಿನ. ಹಾಗಾಗಿ ಚುನಾವಣೆ ಘೋಷಣೆಯಾದ ಮೇಲೆ ಹಾಕಿದರೆ ಕೆಲಸಕ್ಕೆ ಬಾರದು, ಆರು ತಿಂಗಳ ಮೊದಲೇ ಹಾಕಿ.

ಎರಡನೆಯದು ಸದನ. ಕೇಳಿದ ಪ್ರಶ್ನೆಗಳು, ಕೊಟ್ಟ ಉತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಕನ್ನಡದಲ್ಲೇ ಇರುತ್ತವೆ. ಸಚಿವರು, ಸಭಾಧ್ಯಕ್ಷರು ಪ್ರಶ್ನೆ ಕೇಳುವುದಿಲ್ಲ. ಹಾಗಾಗಿ ಅವರನ್ನು ಈ ಅಳತೆಗೋಲಿನಿಂದ ಅಳೆದರೆ ಅನ್ಯಾಯವಾಗುತ್ತದೆ.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಶಾಸಕರು ಅಧ್ಯಕ್ಷರಾಗಿ ಕೂರುವ ಸಭೆಗಳು. ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ತಾಲ್ಲೂಕು ಕೆಡಿಪಿ ಸಭೆ, ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡುವ ಬಗರ್ ಹುಕುಂ ಸಮಿತಿ, ಮನೆ ಹಂಚುವ ಆಶ್ರಯ ಸಮಿತಿ. ಇಲ್ಲಿ ಯಾವ ವಿಪ್ಪೂ ಇಲ್ಲ. ಯಾರಿಗೆ ಸಾಗುವಳಿ ಚೀಟಿ ಸಿಕ್ಕಿತು, ಯಾರಿಗೆ ಮನೆ ಸಿಕ್ಕಿತು, ತಮ್ಮ ಪಕ್ಷದವರಿಗೆ ಮಾತ್ರವೋ ಅರ್ಹರಿಗೆಲ್ಲವೋ? ಮನುಷ್ಯ ಎಂಥವನೆಂದು ಈ ಪಟ್ಟಿಗಳು ಹೇಳುವಷ್ಟು ಸ್ಪಷ್ಟವಾಗಿ ಯಾವ ಭಾಷಣವೂ ಹೇಳದು.

ದುಡ್ಡು ಇಸ್ಕೊಂಡು, ದೇವರ ಮುಂದೆ ಆಣೆ ಮಾಡಿದ್ದೀವಿ. ಈಗ ಅವರಿಗೇ ಹಾಕಬೇಕಲ್ವಾ?

ಕಾನೂನಿನ ಪ್ರಕಾರ ಆ ಆಣೆಗೆ ಬೆಲೆಯಿಲ್ಲ. ಅಷ್ಟೇ ಅಲ್ಲ, ಆಣೆ ಮಾಡಿಸಿದ್ದೇ ಅಪರಾಧ: ಹೀಗೆ ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಮತದಾರರನ್ನು ನಂಬಿಸುವುದನ್ನು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮು ಅನುಚಿತ ಪ್ರಭಾವ ಎಂದು ಕರೆಯುತ್ತದೆ. ಭ್ರಷ್ಟ ಆಚರಣೆ ಎಂದು ಸಾಬೀತಾದರೆ ಆಯ್ಕೆಯೇ ರದ್ದಾಗಬಹುದು. ಹಾಗೆಯೇ, ಹಣ ಕೊಡುವುದರ ಜೊತೆಗೆ ಪಡೆಯುವುದೂ ಅಪರಾಧವೇ, ಭಾರತೀಯ ನ್ಯಾಯ ಸಂಹಿತೆಯಡಿ ಒಂದು ವರ್ಷದವರೆಗೆ ಶಿಕ್ಷೆ. ಆದ್ದರಿಂದ 'ಎಲ್ಲರ ಹತ್ತಿರ ಇಸ್ಕೊಳ್ಳಿ, ನಿಮಗೆ ಬೇಕಾದವರಿಗೆ ಹಾಕಿ' ಎಂಬ ಸಲಹೆಯನ್ನು ನಾವು ಕೊಡುವುದಿಲ್ಲ. ಹಂಚುವುದು ಕಣ್ಣಿಗೆ ಬಿದ್ದರೆ ಸಿ-ವಿಜಿಲ್ ಆ್ಯಪ್‌ನಲ್ಲಿ ಅಲ್ಲೇ ನಿಂತು ಫೋಟೊ ಅಥವಾ ವಿಡಿಯೊ ತೆಗೆದು ಕಳಿಸಿ, ಹೆಸರು ಹೇಳದೆಯೂ ಕಳಿಸಬಹುದು. ಗ್ಯಾಲರಿಯಲ್ಲಿರುವ ಹಳೆಯ ಫೋಟೊವನ್ನು ಅದು ಸ್ವೀಕರಿಸುವುದಿಲ್ಲ. ಆ್ಯಪ್ ಬಳಸಲಾಗದವರಿಗೆ 1950 ಸಹಾಯವಾಣಿ ಇದೆ.

ನಮ್ಮ ಜಾತಿಯವರು ಅಂತ ಹಾಕೋದು ಪಕ್ಷ ಅಂತ ಹಾಕೋದಕ್ಕಿಂತ ಕೆಟ್ಟದ್ದಾ?

ಜಾತಿ, ಧರ್ಮ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಅಭ್ಯರ್ಥಿಗೆ ನಿಷಿದ್ಧ. ಇದು ಅಭ್ಯರ್ಥಿಯ ಜಾತಿಗೆ ಮಾತ್ರವಲ್ಲ, ಮತದಾರರ ಜಾತಿಗೂ ಅನ್ವಯ ಎಂದು 2017ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ 4-3 ಬಹುಮತದಿಂದ ಹೇಳಿತು. ಮತದಾರರು ಏನನ್ನು ನೋಡಿ ಹಾಕಬೇಕೆಂದು ಕಾನೂನು ಹೇಳುವುದಿಲ್ಲ. ಪ್ರಾತಿನಿಧ್ಯವೇ ಸಿಗದ ಸಣ್ಣ ಸಮುದಾಯದವರು ತಮ್ಮವರೊಬ್ಬರು ಸದನದಲ್ಲಿರಲಿ ಎಂದು ಬಯಸುವುದರಲ್ಲಿ ನ್ಯಾಯವಿದೆ. ಆದರೆ ನಮ್ಮಲ್ಲಿ ಪಕ್ಷಗಳು ಒಂದು ಕ್ಷೇತ್ರದ ದೊಡ್ಡ ಜಾತಿ ನೋಡಿ ಎಲ್ಲರೂ ಅದೇ ಜಾತಿಯವರನ್ನು ನಿಲ್ಲಿಸುವುದು ಸಾಮಾನ್ಯ. ಆಗ ಜಾತಿ ಯಾವ ವ್ಯತ್ಯಾಸವನ್ನೂ ತೋರಿಸದು, ಮತ್ತೆ ಅಫಿಡವಿಟ್ಟಿಗೇ ಬರಬೇಕು.

## ಇನ್ನಷ್ಟು ಆಳಕ್ಕೆ ಇಳಿದವರು ಕೇಳುವವು

ದೆಹಲಿಗೆ ಒಂದು ಪಕ್ಷ, ಬೆಂಗಳೂರಿಗೆ ಇನ್ನೊಂದು ಅಂತ ಹಾಕೋದು ಗೊಂದಲದ ಲಕ್ಷಣ ಅಲ್ವಾ?

ಕನ್ನಡ ನಾಡಿನ ಮತದಾರರು ಇದನ್ನು ದೇಶಕ್ಕೇ ತೋರಿಸಿಕೊಟ್ಟವರು. 1984ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿ ಹತ್ಯೆಯ ನಂತರದ ಅಲೆಯಲ್ಲಿ, ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು, ರಾಜ್ಯದಲ್ಲಿ ಅಧಿಕಾರದಲ್ಲಿದ್ದ ಜನತಾ ಪಕ್ಷಕ್ಕೆ ಬಂದದ್ದು 4. ಜನರ ವಿಶ್ವಾಸ ಕಳೆದುಕೊಂಡೆನೆಂದು ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಹೊಸ ಚುನಾವಣೆ ಕೇಳಿದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ನಡುವೆ ಹೋದದ್ದು ಮೂರು ತಿಂಗಳೂ ಅಲ್ಲ. ಮತದಾರರ ಮನಸ್ಸು ಮೂರು ತಿಂಗಳಲ್ಲಿ ತಲೆಕೆಳಗಾಗಿರಲಿಲ್ಲ. ದೇಶ ಯಾರ ಕೈಲಿರಬೇಕು, ರಾಜ್ಯ ಯಾರ ಕೈಲಿರಬೇಕು ಎಂಬ ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಉತ್ತರ ಕೊಟ್ಟಿದ್ದರು.

ಆಮೇಲೂ ಇದು ನಡೆದೇ ಇದೆ. 2013ರಲ್ಲಿ ವಿಧಾನಸಭೆಯಲ್ಲಿ ಕಾಂಗ್ರೆಸ್ 122 ಗೆದ್ದಿತು, ಮರುವರ್ಷ ಲೋಕಸಭೆಯಲ್ಲಿ ಬಿಜೆಪಿ 17. 2023ರಲ್ಲಿ ಕಾಂಗ್ರೆಸ್ 135, ಮರುವರ್ಷ ಬಿಜೆಪಿ ಮತ್ತೆ 17, ಮಿತ್ರಪಕ್ಷ ಜೆಡಿಎಸ್‌ಗೆ 2, ಕಾಂಗ್ರೆಸ್ಸಿಗೆ 9. ಕಟ್ಟಾ ನಿಷ್ಠರು ಎರಡೂ ಕಡೆ ಗಟ್ಟಿಯಾಗಿಯೇ ಇರುತ್ತಾರೆ. ಫಲಿತಾಂಶವನ್ನು ತಿರುಗಿಸುವವರು ಪ್ರತಿ ಸಲ ಹೊಸದಾಗಿ ಯೋಚಿಸುವವರು. ಪಕ್ಷಗಳು ಹೊಸ ಭರವಸೆ ಹೊತ್ತು ಬರುವುದೂ ಇಂಥವರಿಗಾಗಿಯೇ.

ಪಕ್ಷೇತರರಿಗೆ ಹಾಕಿದ್ರೆ ಓಟು ದಂಡ ಅಲ್ವಾ?

ಗೆಲ್ಲುವ ಸಾಧ್ಯತೆ ಕಡಿಮೆ, ಅದು ನಿಜ. 2023ರಲ್ಲಿ ಗೆದ್ದ ಪಕ್ಷೇತರರು ಇಬ್ಬರೇ, ಹರಪನಹಳ್ಳಿ ಮತ್ತು ಗೌರಿಬಿದನೂರಿನಲ್ಲಿ. ಅಭ್ಯರ್ಥಿಗೆ ಹಾದಿಯೂ ಕಷ್ಟದ್ದು: ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕರು ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು. ಮತಯಂತ್ರದಲ್ಲಿ ಹೆಸರು ಕೊನೆಯ ಗುಂಪಿನಲ್ಲಿ ಬರುತ್ತದೆ. ಗುರುತು ಕೊನೇ ಗಳಿಗೆಯಲ್ಲಿ ಸಿಗುತ್ತದೆ. ಒಂದೇ ಹೆಸರಿನವರನ್ನು ನಿಲ್ಲಿಸಿ ಗೊಂದಲ ಮಾಡುವುದೂ ಉಂಟು, 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಎಂಬ ಹೆಸರಿನವರು ಒಬ್ಬರೇ ಇರಲಿಲ್ಲ. ಆದರೂ ಸುಮಲತಾ ಅಂಬರೀಶ್ ಗೆದ್ದರು. ಮತಪತ್ರದಲ್ಲಿ ಹೆಸರಿನ ಪಕ್ಕ ಭಾವಚಿತ್ರ ಇರುವುದು ಇಂಥ ಗೊಂದಲ ತಪ್ಪಿಸಲೆಂದೇ, ಅದನ್ನು ನೋಡಿ ಒತ್ತಿ.

ನಿಮ್ಮ ಮತಕ್ಕೆ ಬೆಲೆಯಿಲ್ಲ ಎನ್ನುವವರಿಗೆ 2004ರ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದ ಫಲಿತಾಂಶ ನೆನಪಿಸಿ: 40,752 ಮತ್ತು 40,751. ಒಂದೇ ಮತದ ಅಂತರ. 2023ರಲ್ಲಿ ಜಯನಗರ ತೀರ್ಮಾನವಾದದ್ದು 16 ಮತದಿಂದ. ಈ ಅಂಕಿಗಳು ಎರಡು ಅಲಗಿನ ಕತ್ತಿ. ಇಬ್ಬರ ನಡುವೆ ಹೀಗೆ ಜಿದ್ದಾಜಿದ್ದಿ ಇದ್ದು, ಅವರಲ್ಲಿ ಒಬ್ಬರು ಬರಲೇಬಾರದು ಎಂದು ನಿಮಗೆ ಅನ್ನಿಸಿದ್ದರೆ ಮೂರನೆಯವರಿಗೆ ಹಾಕುವ ಮೊದಲು ಚೆನ್ನಾಗಿ ಯೋಚಿಸಿ. ಇಬ್ಬರೂ ಒಂದೇ ಎನ್ನಿಸಿದರೆ, ಅಥವಾ ಅಂತರ ಹೇಗೂ ದೊಡ್ಡದಿದ್ದರೆ, ಮನಸ್ಸಿಗೆ ಒಪ್ಪಿದವರಿಗೆ ಹಾಕುವುದರಿಂದ ನಷ್ಟವಿಲ್ಲ. ಚಲಾಯಿತ ಸಿಂಧು ಮತಗಳ ಆರನೇ ಒಂದು ಭಾಗ ದಾಟಿದರೆ ಅವರ ಠೇವಣಿ ಉಳಿಯುತ್ತದೆ, ಮುಂದಿನ ಸಲಕ್ಕೆ ಅದೇ ಬಂಡವಾಳ.

ಇನ್ನೊಂದು ಎಚ್ಚರ: ಪಕ್ಷೇತರರು ಗೆದ್ದ ಮೇಲೆ ಯಾವುದೇ ಪಕ್ಷ ಸೇರಿದರೆ ಸ್ಥಾನ ಹೋಗುತ್ತದೆ, ಆದರೆ ಸರ್ಕಾರವನ್ನು ಬೆಂಬಲಿಸುವುದು, ಸಚಿವರಾಗುವುದು ಪಕ್ಷ ಸೇರಿದಂತಲ್ಲ. 2008ರಲ್ಲಿ 110 ಸ್ಥಾನ ಗೆದ್ದ ಬಿಜೆಪಿಗೆ ಬೆಂಬಲ ಕೊಟ್ಟು ಸಚಿವರಾದ ಐವರು ಪಕ್ಷೇತರರನ್ನು 2010ರಲ್ಲಿ ಸಭಾಧ್ಯಕ್ಷರು ಅನರ್ಹಗೊಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದುಮಾಡಿತು. ಆದ್ದರಿಂದ ಮನೆಗೆ ಮತ ಕೇಳಲು ಬಂದ ಪಕ್ಷೇತರರನ್ನು ನೇರವಾಗಿ ಕೇಳಿ: ಅತಂತ್ರವಾದರೆ ಯಾರ ಕಡೆ? ಉತ್ತರ ಕೊಡದವರನ್ನು ಸ್ವತಂತ್ರರೆಂದು ನಂಬಬೇಡಿ.

ನಾವು ಒಂದು ಪಕ್ಷ ಅಂತ ಹಾಕಿದ್ವಿ, ಗೆದ್ದೋರು ಇನ್ನೊಂದು ಪಕ್ಷಕ್ಕೆ ಹೋದ್ರು. ನಮ್ಮ ಓಟಿಗೆ ಏನು ಬೆಲೆ?

ಶಾಸಕರನ್ನು ವಾಪಸು ಕರೆಸುವ ಅಧಿಕಾರ ನಮ್ಮ ಮತದಾರರಿಗಿಲ್ಲ. ಹತ್ತನೇ ಅನುಸೂಚಿಯೇ ಇರುವ ಬೇಲಿ, ಆ ಬೇಲಿಯಲ್ಲಿ ದೊಡ್ಡ ಕಂಡಿ ಇದೆ. 2019ರ ಜುಲೈನಲ್ಲಿ ಸಭಾಧ್ಯಕ್ಷ ರಮೇಶ್ ಕುಮಾರ್, ತಮ್ಮ ಪಕ್ಷಕ್ಕೇ ತಿರುಗಿಬಿದ್ದ ಕಾಂಗ್ರೆಸ್ ಮತ್ತು ಜೆಡಿಎಸ್‌ನ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಜೊತೆಗೆ ಉಪಚುನಾವಣೆಗೆ ನಿಲ್ಲಲು ಇದ್ದ ತಡೆಯನ್ನು ತೆಗೆಯಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಮತದಾನ ನಡೆಯಿತು. ಅನರ್ಹರಾದವರಲ್ಲಿ 13 ಮಂದಿ ಬಿಜೆಪಿಯಿಂದ ನಿಂತರು, 11 ಮಂದಿ ಗೆದ್ದರು. ಹುಣಸೂರು ಮತ್ತು ಹೊಸಕೋಟೆಯಲ್ಲಿ ಸೋತರು.

ಇಲ್ಲಿ ತೀರ್ಪು ಕೊಟ್ಟವರು ಮತದಾರರೇ. ಸರ್ಕಾರ ಉಳಿಯಬೇಕು, ಆಡಳಿತ ಪಕ್ಷದ ಶಾಸಕ ಇದ್ದರೆ ಊರಿಗೆ ಅನುದಾನ ಬರುತ್ತದೆ ಎಂದು ಲೆಕ್ಕ ಹಾಕಿದವರನ್ನು ತಪ್ಪುಗಾರರೆನ್ನಲಾಗದು. ಆದರೆ ಪಕ್ಷಾಂತರದ ಬೆಲೆ ಎಷ್ಟು ಎಂಬುದನ್ನು ಕೊನೆಗೆ ನಿಗದಿ ಮಾಡುವವರು ಉಪಚುನಾವಣೆಯ ಮತದಾರರೇ ಎಂಬುದು ನೆನಪಿರಲಿ.

ನಾನು ಯೋಚಿಸಿ ಹಾಕ್ತಿದ್ದೀನೋ, ಅಭ್ಯಾಸಬಲದಿಂದ ಹಾಕ್ತಿದ್ದೀನೋ ಅಂತ ಹೇಗೆ ತಿಳ್ಕೊಳ್ಳೋದು?

ಮಸ್ಕಿಯ ಮತದಾರರಿಗೆ ಬಂದ ಪರೀಕ್ಷೆಯನ್ನು ನಿಮಗೆ ನೀವೇ ಒಡ್ಡಿಕೊಳ್ಳಿ. 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲ ಬಿಜೆಪಿಯ ಬಸನಗೌಡ ತುರ್ವಿಹಾಳ ಅವರನ್ನು 213 ಮತಗಳಿಂದ ಸೋಲಿಸಿದರು. 2021ರ ಉಪಚುನಾವಣೆಯಲ್ಲಿ ಅದೇ ಇಬ್ಬರು ಎದುರಾದರು, ಪಕ್ಷ ಮಾತ್ರ ಅದಲುಬದಲಾಗಿತ್ತು. ತುರ್ವಿಹಾಳ ಕಾಂಗ್ರೆಸ್ಸಿನಿಂದ ಸುಮಾರು 30 ಸಾವಿರ ಮತಗಳಿಂದ ಗೆದ್ದರು. ಪಕ್ಷಕ್ಕೆ ನಿಷ್ಠರಾದವರು ವ್ಯಕ್ತಿಯನ್ನು, ವ್ಯಕ್ತಿಗೆ ನಿಷ್ಠರಾದವರು ಪಕ್ಷವನ್ನು ಬಿಡಲೇಬೇಕಿತ್ತು, ಎರಡನ್ನೂ ಹಿಡಿದುಕೊಳ್ಳಲು ಯಾರಿಗೂ ದಾರಿಯಿರಲಿಲ್ಲ.

ನಿಮ್ಮ ಕ್ಷೇತ್ರದ ಇಬ್ಬರು ಮುಖ್ಯ ಅಭ್ಯರ್ಥಿಗಳ ಪಕ್ಷವನ್ನು ಮನಸ್ಸಿನಲ್ಲೇ ಅದಲುಬದಲು ಮಾಡಿ ನೋಡಿ. ನಿಮ್ಮ ಮತ ಗುರುತಿನ ಹಿಂದೆ ಹೋಗುತ್ತದೋ, ಮನುಷ್ಯನ ಹಿಂದೆಯೋ? ಎರಡರಲ್ಲಿ ಯಾವುದೂ ತಪ್ಪಲ್ಲ, ಏಕೆ ಎಂದು ಒಂದೆರಡು ವಾಕ್ಯದಲ್ಲಿ ಹೇಳಲು ಬರಬೇಕು. ಇನ್ನೊಂದು ಉಪಾಯ: ಮತ ಹಾಕಿದ ದಿನವೇ ಕಾರಣವನ್ನು ಒಂದು ಹಾಳೆಯಲ್ಲಿ ಬರೆದಿಡಿ, ಜೊತೆಗೆ ಆ ಪಕ್ಷ ಏನು ಮಾಡಿದರೆ ಮುಂದಿನ ಸಲ ಹಾಕುವುದಿಲ್ಲ ಎಂಬುದನ್ನೂ ಬರೆಯಿರಿ. ಈ ಎರಡನೇ ಸಾಲು ಬರೆಯಲು ಕೈ ಬರದಿದ್ದರೆ ನಿಮ್ಮ ಮತ ಅಭ್ಯಾಸಬಲದ್ದು.

ನಾನೇ ಪಕ್ಷದ ಕಾರ್ಯಕರ್ತ, ಬೂತ್ ಏಜೆಂಟ್ ಬೇರೆ. ಈ ಸಲ ಟಿಕೆಟ್ ಕೊಟ್ಟಿರೋದು ಸರಿ ಇಲ್ಲ. ಬೇರೆಯವರಿಗೆ ಹಾಕಬಹುದಾ?

ಹಾಕಬಹುದು. ವಿಪ್ ಸದನದ ಸದಸ್ಯರಿಗೆ, ನಿಮಗಲ್ಲ. ಬಹಿರಂಗವಾಗಿ ಎದುರಾಳಿ ಪರ ಪ್ರಚಾರ ಮಾಡಿದರೆ ಪಕ್ಷ ನಿಮ್ಮನ್ನು ಉಚ್ಚಾಟಿಸಬಹುದು. ಗುಪ್ತ ಮತವನ್ನು ಅದು ಪ್ರಶ್ನಿಸುವಂತಿಲ್ಲ. ಆದರೆ ಒಳಗೊಂದು ಹೊರಗೊಂದು ಇಟ್ಟುಕೊಂಡು ಏಜೆಂಟರಾಗಿ ಕೂರುವುದು ನಿಮಗೂ ಹಿಂಸೆ, ನಂಬಿದವರಿಗೂ ಮೋಸ. ಆ ಸಲ ಏಜೆಂಟ್ ಕೆಲಸ ಬೇಡವೆಂದು ಹೇಳಿಬಿಡಿ. ಆಕ್ಷೇಪ ಹೇಳಲು ತಕ್ಕ ಕಾಲ ಟಿಕೆಟ್ ಘೋಷಣೆಗೆ ಮೊದಲು: ಬೂತ್ ಮತ್ತು ಬ್ಲಾಕ್ ಸಮಿತಿಯ ಸಭೆಯಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ, ಹಿಂದಿನ ನಮೂನೆ 20ರಲ್ಲಿ ನಿಮ್ಮ ಬೂತಿನ ಮತ ಎಷ್ಟು ಇಳಿಯಿತು ಎಂಬ ಅಂಕಿ ಮುಂದಿಡಿ. ನಾಯಕರು ಬೇಸರಕ್ಕೆ ಕಿವಿಗೊಡದಿದ್ದರೂ ಬೂತ್ ಅಂಕಿಗೆ ಕಿವಿಗೊಡುತ್ತಾರೆ.

ರಾಜ್ಯಸಭೆ ಚುನಾವಣೇಲಿ ಶಾಸಕರೇ ಅಡ್ಡ ಮತ ಹಾಕ್ತಾರಲ್ಲ, ಅವರಿಗೆ ವಿಪ್ ಇಲ್ವಾ?

ಆ ಮತಕ್ಕೆ ಹತ್ತನೇ ಅನುಸೂಚಿ ಅನ್ವಯಿಸುವುದಿಲ್ಲ, ಅದು ಸದನದ ಕಲಾಪವಲ್ಲ. ಅಡ್ಡ ಮತಕ್ಕೆ ಕಡಿವಾಣ ಹಾಕಲೆಂದು 2003ರಿಂದ ಬಹಿರಂಗ ಮತದಾನ ಬಂದಿದೆ: ಹಾಕಿದ ಮತಪತ್ರವನ್ನು ತನ್ನ ಪಕ್ಷದ ಏಜೆಂಟರಿಗೆ ತೋರಿಸಬೇಕು, ತೋರಿಸದಿದ್ದರೆ ಮತ ಅಸಿಂಧು. 2024ರ ಫೆಬ್ರುವರಿಯಲ್ಲಿ ಬಿಜೆಪಿಯ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ ಅಭ್ಯರ್ಥಿಗೆ ಹಾಕಿದರು, ಶಿವರಾಮ ಹೆಬ್ಬಾರ್ ಗೈರಾದರು. ಅಷ್ಟಕ್ಕೇ ಇಬ್ಬರ ಶಾಸಕ ಸ್ಥಾನವೂ ಹೋಗಲಿಲ್ಲ.

ನೋಟಾ ಒತ್ತಿದ್ರೆ ಎಲ್ಲಾ ಪಕ್ಷಕ್ಕೂ ಪಾಠ ಆಗುತ್ತಾ?

ಲೆಕ್ಕಕ್ಕೆ ಬರುತ್ತದೆ, ಫಲಿತಾಂಶ ಬದಲಾಗುವುದಿಲ್ಲ. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ನೋಟಾಕ್ಕೆ 2 ಲಕ್ಷಕ್ಕೂ ಹೆಚ್ಚು ಮತ ಬಿತ್ತು, ಆದರೂ ಅತಿ ಹೆಚ್ಚು ಮತ ಪಡೆದ ಅಭ್ಯರ್ಥಿಯೇ ಗೆದ್ದರು. ಠೇವಣಿಯ ಲೆಕ್ಕಕ್ಕೂ ಅದು ಸೇರದು. ಯಾರೂ ಬೇಡ ಎಂಬುದೇ ನಿಮ್ಮ ಪ್ರಾಮಾಣಿಕ ತೀರ್ಮಾನವಾದರೆ ಒತ್ತಿ.

ಪದವೀಧರ ಕ್ಷೇತ್ರದಲ್ಲಿ 1, 2, 3 ಅಂತ ಬರೀಬೇಕಂತೆ. ನಮ್ಮ ಪಕ್ಷದೋರಿಗೆ 1 ಕೊಟ್ಟು ಬಾಕಿದು ಬಿಡೋದಾ?

ಬಿಡಬಹುದು, ಆದರೆ ಇರುವ ಒಂದು ಒಳ್ಳೆಯ ಅವಕಾಶ ಬಿಟ್ಟಂತೆ. ಪಕ್ಷನಿಷ್ಠೆಯನ್ನೂ ಸ್ವಂತ ವಿವೇಚನೆಯನ್ನೂ ಒಂದೇ ಚೀಟಿಯಲ್ಲಿ ದಾಖಲಿಸಲು ಸಾಮಾನ್ಯ ಮತದಾರರಿಗೆ ಸಿಗುವುದು ವಿಧಾನ ಪರಿಷತ್ತಿನ ಈ ಚುನಾವಣೆ, ಶಿಕ್ಷಕರ ಕ್ಷೇತ್ರವೂ ಹೀಗೆಯೇ. ಮತಪತ್ರದಲ್ಲಿ ಪಕ್ಷದ ಗುರುತು ಇರುವುದಿಲ್ಲ. ಸಿಂಧು ಮತಗಳ ಅರ್ಧಕ್ಕಿಂತ ಹೆಚ್ಚು ಪಡೆಯಬೇಕು. ಮೊದಲ ಸುತ್ತಿನಲ್ಲಿ ಯಾರಿಗೂ ಅಷ್ಟು ಬಾರದಿದ್ದರೆ ಕಡೆಯವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯದವರಿಗೆ ವರ್ಗಾಯಿಸುತ್ತಾರೆ. ನಿಮ್ಮ 1 ಹೊರಬಿದ್ದಾಗ 2 ಬರೆದಿರದಿದ್ದರೆ ನಿಮ್ಮ ಮತ ಅಲ್ಲಿಗೇ ನಿಲ್ಲುತ್ತದೆ. ಮೆಚ್ಚಿದ ಪಕ್ಷೇತರರಿಗೆ 1, ಪಕ್ಷಕ್ಕೆ 2 ಕೊಡಬಹುದು, ಹಿಂದುಮುಂದಾಗಿಯೂ ಕೊಡಬಹುದು. 2 ಬರೆದದ್ದರಿಂದ ನಿಮ್ಮ 1ಕ್ಕೆ ಯಾವ ಹಾನಿಯೂ ಇಲ್ಲ, ಏಕೆಂದರೆ 1 ಕಣದಲ್ಲಿರುವವರೆಗೆ 2ನ್ನು ಯಾರೂ ನೋಡುವುದಿಲ್ಲ. 'ಒಂದೇ ಹಾಕಿ, ಎರಡು ಹಾಕಿದರೆ ಕುಲಗೆಡುತ್ತದೆ' ಎಂದು ಹೊರಗೆ ನಿಂತವರು ಹೇಳುವ ಮಾತು ಸುಳ್ಳು.

ಓದಿದವರ ಮತವೇ ಇಲ್ಲಿ ಹೆಚ್ಚಾಗಿ ಕುಲಗೆಡುವುದು ಬೇಸರದ ಸಂಗತಿ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಿಂದ ಮಾತ್ರ ಬರೆಯಿರಿ, ಜೇಬಿನ ಪೆನ್ ಬೇಡ. ಅಂಕಿಯಲ್ಲಿ ಬರೆಯಿರಿ, ಕನ್ನಡ ಅಂಕಿಯೂ ಆಗುತ್ತದೆ. 'ಒಂದು' ಎಂದು ಅಕ್ಷರದಲ್ಲಿ ಬರೆದರೆ ಆಗದು. ಸರಿ ಗುರುತು, ಅಡ್ಡ ಗುರುತು, ಸಹಿ, ಹೆಬ್ಬೆಟ್ಟು ಯಾವುದೂ ಬೇಡ. 1 ಇಲ್ಲದೆ 2ರಿಂದ ಶುರು ಮಾಡಿದರೆ, ಇಬ್ಬರಿಗೆ 1 ಕೊಟ್ಟರೆ, ಒಬ್ಬರ ಮುಂದೆಯೇ 1 ಮತ್ತು 2 ಎರಡನ್ನೂ ಬರೆದರೆ ಮತಪತ್ರ ಅಸಿಂಧು. ಮತದಾರರ ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ಮಾಡುತ್ತಾರೆ, ಹಿಂದಿನ ಸಲ ಹೆಸರಿತ್ತೆಂದು ಸುಮ್ಮನಿರಬೇಡಿ. ಅರ್ಹತಾ ದಿನವಾದ ನವೆಂಬರ್ 1ಕ್ಕೆ ಪದವಿ ಮುಗಿಸಿ ಮೂರು ವರ್ಷ ಆಗಿರುವವರು ನಮೂನೆ 18 ಭರ್ತಿ ಮಾಡಿ, ಪದವಿ ಪ್ರಮಾಣಪತ್ರದ ದೃಢೀಕೃತ ಪ್ರತಿಯೊಂದಿಗೆ ಕೊಡಬೇಕು. ಶಿಕ್ಷಕರಿಗೆ ನಮೂನೆ 19.